ಮಳೆಗಾಲ ಕಳೆದ ಮೇಲೆ ಸ್ಟಾರ್ಟ್ ಆಗದ ಡೀಸೆಲ್ ಪಂಪು: ವಾಲ್ವ್, ಸ್ಪ್ರಿಂಗ್ ಬಿಚ್ಚಿ ನೋಡಿ ಮತ್ತೆ ಕೂರಿಸುವ ಕ್ರಮ

ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಗೆ, ನಿಲ್ಲಿಸಿದ ಡೀಸೆಲ್ ಪಂಪಿಗೆ ದೀಪಾವಳಿ ಕಳೆದ ಮೇಲೆ ಹ್ಯಾಂಡಲ್ ಹಾಕಿ ತಿರುಗಿಸಿದರೆ ಅದು ತಡೆಯಿಲ್ಲದೆ ಗಿರ್ರನೆ ತಿರುಗುತ್ತದೆ, ಸ್ಟಾರ್ಟ್ ಮಾತ್ರ ಆಗುವುದಿಲ್ಲ. ಉಡುಪಿ, ಮಂಗಳೂರು ಕಡೆಯ ಅಡಿಕೆ ತೋಟಗಳಲ್ಲಿ ನೀರು ಬಿಡುವ ಕೆಲಸ ಶುರುವಾಗುವಾಗ ಕೇಳಿಬರುವ ದೂರು ಇದು. ಹೆಚ್ಚಿನವರು ಮೊದಲು ಡೀಸೆಲ್ ಸಿಂಪಡಿಸುವ ನಾಝಲ್ ಬದಲಿಸುತ್ತಾರೆ, ಆಮೇಲೆ ಫ್ಯೂಯೆಲ್ ಪಂಪಿನಲ್ಲಿ ಡೀಸೆಲನ್ನು ಒತ್ತುವ ಎಲಿಮೆಂಟ್, ಕೊನೆಗೆ ಪಿಸ್ಟನ್ ರಿಂಗ್. ಬಹಳ ಸಲ ತೊಂದರೆ ಇರುವುದು ವಾಲ್ವಿನಲ್ಲಿ. ಅದೂ ಓಡಿ ಸವೆದ ವಾಲ್ವಲ್ಲ, ನಿಂತು ಹಾಳಾದ ವಾಲ್ವ್.

ಕಾರಣ ಹೀಗೆ. ಎಂಜಿನ್ ನಿಂತಾಗ ಗಾಳಿ ಒಳಬಿಡುವ ಇನ್‌ಲೆಟ್, ಹೊಗೆ ಹೊರಬಿಡುವ ಎಕ್ಸಾಸ್ಟ್ ಎಂಬ ಎರಡರಲ್ಲಿ ಒಂದು ವಾಲ್ವ್ ತೆರೆದೇ ಉಳಿದಿರಬಹುದು. ಡಿಕಂಪ್ರೆಷನ್ ಲಿವರ್ (ವಾಲ್ವನ್ನು ತೆರೆದು ಹಿಡಿದು ಒಳಗಿನ ಒತ್ತಡ ಬಿಡಿಸುವ ಹಿಡಿ) ಎತ್ತಿ ಎಂಜಿನ್ ನಿಲ್ಲಿಸಿ, ಲಿವರನ್ನು ಹಾಗೇ ಬಿಟ್ಟು ಹೋದರಂತೂ ಒಂದು ವಾಲ್ವ್ ಇಡೀ ಮಳೆಗಾಲ ತಾನು ಮುಚ್ಚಿ ಕೂರುವ ಸೀಟಿನಿಂದ ಎದ್ದೇ ಇರುತ್ತದೆ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಗಾಳಿಯಲ್ಲಿ ಉಪ್ಪು. ಸೈಲೆನ್ಸರ್ ಬಾಯಿಯಿಂದ ಒಳಗೆ ಹೋದ ತೇವ ಅಲ್ಲಿನ ಮಸಿಯೊಂದಿಗೆ ಸೇರಿ ಹುಳಿಯಾಗುತ್ತದೆ, ಸೀಟಿನ ಮೇಲೆ, ವಾಲ್ವಿನ ಸ್ಟೆಮ್ (ದಂಡು) ಮೇಲೆ ತುಕ್ಕು ಏರುತ್ತದೆ. ಮೊದಲ ಸಲ ಸ್ಟಾರ್ಟ್ ಮಾಡುವಾಗ ಆ ತುಕ್ಕಿನ ಪುಡಿ ವಾಲ್ವ್ ಮತ್ತು ಸೀಟಿನ ನಡುವೆ ಸಿಕ್ಕಿ ಅರೆಯುತ್ತದೆ. ಸ್ಟೆಮ್ ತಾನು ಓಡಾಡುವ ಕೊಳವೆಯಾದ ಗೈಡಿನಲ್ಲಿ ಕಚ್ಚಿಕೊಂಡರೆ ವಾಲ್ವ್ ಕೆಳಗಿಳಿದದ್ದು ಮೇಲೆ ಬರುವುದೇ ಇಲ್ಲ, ವಾಲ್ವ್ ತೆರೆಯಲು ತಳ್ಳುವ ಪುಶ್ ರಾಡ್ ಬಗ್ಗುತ್ತದೆ.

ಇದನ್ನು ತಪ್ಪಿಸಲು ಖರ್ಚಿಲ್ಲ. ಮಳೆಗಾಲಕ್ಕೆ ಎಂಜಿನ್ ನಿಲ್ಲಿಸುವ ದಿನ ಡೀಸೆಲ್ ಕಾಕ್ ಮುಚ್ಚಿ, ಏರ್ ಕ್ಲೀನರ್ ಬಿಚ್ಚಿ, ಇನ್‌ಲೆಟ್ ಒಳಗೆ ಒಂದು ಚಮಚ, ಅಂದರೆ ಸುಮಾರು 5 ಮಿ.ಲೀ., ಎಂಜಿನ್ ಆಯಿಲ್ ಬಿಟ್ಟು ಲಿವರ್ ಎತ್ತಿಕೊಂಡು ಹತ್ತು ಸುತ್ತು ತಿರುಗಿಸಬೇಕು. ಆಮೇಲೆ ಲಿವರ್ ಇಳಿಸಿ, ಕಂಪ್ರೆಷನ್‌ನ ತುದಿಯಲ್ಲಿ, ಅಂದರೆ ಪಿಸ್ಟನ್ ಗಾಳಿಯನ್ನು ಒತ್ತಿ ಮೇಲ್ತುದಿಗೆ ಬಂದ ಜಾಗದಲ್ಲಿ, ಫ್ಲೈವೀಲ್ ನಿಲ್ಲಿಸಬೇಕು. ಸರಿಯಾದ ಜಾಗಕ್ಕೆ ಬಂದಿದೆಯೇ ಎಂದು ನೋಡಲು ಎರಡೂ ಪುಶ್ ರಾಡುಗಳನ್ನು ಬೆರಳಲ್ಲಿ ತಿರುಗಿಸಿ: ಎರಡೂ ಸಲೀಸಾಗಿ ತಿರುಗಿದರೆ ಎರಡೂ ವಾಲ್ವ್ ಮುಚ್ಚಿವೆ. ಸೈಲೆನ್ಸರ್ ಬಾಯಿಗೆ ಡಬ್ಬಿ ಕವುಚಿ, ಏರ್ ಕ್ಲೀನರಿಗೆ ಪ್ಲಾಸ್ಟಿಕ್ ಕಟ್ಟಿ. ಹದಿನೈದು ದಿನಕ್ಕೊಮ್ಮೆ ನಾಲ್ಕು ಸುತ್ತು ತಿರುಗಿಸಿ ಮತ್ತೆ ಅದೇ ಜಾಗಕ್ಕೆ ತಂದು ನಿಲ್ಲಿಸಿದರೆ ಸಾಕು.

ಇಷ್ಟು ಮಾಡದೆ ಹಾಳಾದ ಎಂಜಿನ್ನಿಗೆ ಮುಂದಿನ ಕೆಲಸ. ಇಲ್ಲಿ ಹೇಳುವುದೆಲ್ಲ ನಮ್ಮಲ್ಲಿ ಹೆಚ್ಚು ಕಾಣುವ 5 ಎಚ್‌ಪಿ, 1500 ಸುತ್ತಿನ, ನೀರಿನಿಂದ ತಣಿಯುವ ಒಂದು ಸಿಲಿಂಡರಿನ ಎಂಜಿನ್ ಬಗ್ಗೆ. ಅಂಕಿಗಳು ಈ ವರ್ಗದ ಎಂಜಿನ್ನುಗಳಿಗೆ ಸಾಮಾನ್ಯವಾಗಿ ಹೊಂದುವಂಥವು. ನಿಮ್ಮ ಎಂಜಿನ್ನಿನ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. ಜೂನ್, ಜುಲೈ ಎರಡು ತಿಂಗಳ ರಜೆಯಲ್ಲಿ ಮಲ್ಪೆ ಬಂದರಿನಲ್ಲಿ ನಿಲ್ಲುವ ಬೋಟುಗಳ ದೊಡ್ಡ ಎಂಜಿನ್ನಿಗೂ ಕ್ರಮ ಇದೇ, ಪ್ರತಿ ಸಿಲಿಂಡರಿನ ಭಾಗಗಳಿಗೆ ನಂಬರು ಹಾಕುವ ಕೆಲಸ ಮಾತ್ರ ಹೆಚ್ಚು.

ಹೆಡ್ ಬಿಚ್ಚುವ ಮೊದಲು

ವಾಲ್ವೇ ಕಾರಣ ಎಂದು ಖಾತ್ರಿ ಮಾಡಿಕೊಳ್ಳದೆ ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ಎತ್ತಬೇಡಿ. ಡೀಸೆಲ್ ಕಾಕ್ ಮುಚ್ಚಿ, ಲಿವರ್ ಇಳಿಸಿ, ಫ್ಲೈವೀಲನ್ನು ಕೈಯಲ್ಲಿ ನಿಧಾನವಾಗಿ ಕಂಪ್ರೆಷನ್ ಕಡೆಗೆ ಒತ್ತಿ. ಒಳ್ಳೆಯ ಎಂಜಿನ್ ಆದರೆ ಫ್ಲೈವೀಲ್ ಎದುರು ತಳ್ಳುತ್ತದೆ, ಕೈಬಿಟ್ಟರೆ ಹಿಂದಕ್ಕೆ ಬರುತ್ತದೆ. ತಡೆಯಿಲ್ಲದೆ ದಾಟಿಹೋದರೆ ಗಾಳಿ ಎಲ್ಲೋ ಸೋರುತ್ತಿದೆ. ಎಲ್ಲಿ ಎಂಬುದನ್ನು ಕಿವಿಯೇ ಹೇಳುತ್ತದೆ. ಒಬ್ಬರು ಒತ್ತಿ ಹಿಡಿಯಲಿ, ಇನ್ನೊಬ್ಬರು ಕೇಳಲಿ: ಇನ್‌ಲೆಟ್ ಬಾಯಲ್ಲಿ ಸುಸ್ ಎಂದರೆ ಇನ್‌ಲೆಟ್ ವಾಲ್ವ್, ಸೈಲೆನ್ಸರಿನಲ್ಲಿ ಸುಸ್ ಎಂದರೆ ಎಕ್ಸಾಸ್ಟ್ ವಾಲ್ವ್, ಎಂಜಿನ್ ಹೊಟ್ಟೆಯ ಗಾಳಿ ಹೊರಬಿಡುವ ಬ್ರೀದರಿನಲ್ಲಿ ಬಂದರೆ ರಿಂಗ್, ತಣಿಸುವ ನೀರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ಸಂಶಯ ಉಳಿದರೆ ಇನ್‌ಲೆಟ್ ಮೂಲಕ ಒಂದು ಚಮಚ ಆಯಿಲ್ ಬಿಟ್ಟು, ಲಿವರ್ ಎತ್ತಿ ನಾಲ್ಕು ಸುತ್ತು ತಿರುಗಿಸಿ ಮತ್ತೆ ನೋಡಿ. ಕಂಪ್ರೆಷನ್ ಚೆನ್ನಾಗಿ ಬಂದರೆ ರಿಂಗ್ ಸವೆದಿದೆ. ಏನೂ ಬದಲಾಗದಿದ್ದರೆ ವಾಲ್ವ್. ಒಂದು ಚಮಚಕ್ಕಿಂತ ಹೆಚ್ಚು ಬೇಡ. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲಿನ ಜಾಗ ತೀರಾ ಕಡಿಮೆ. ಎಣ್ಣೆ ತುಂಬಿದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

ಇನ್ನೂ ಒಂದು ನೋಟ ಬಾಕಿ: ಟ್ಯಾಪೆಟ್ ಗ್ಯಾಪ್. ರಾಕರ್ ಕವರ್ ತೆಗೆದು, ಕಂಪ್ರೆಷನ್‌ನ ತುದಿಯಲ್ಲಿ ನಿಲ್ಲಿಸಿ, ರಾಕರ್ (ವಾಲ್ವನ್ನು ಒತ್ತಿ ತೆರೆಯುವ ಸನ್ನೆ) ಮತ್ತು ವಾಲ್ವ್ ತುದಿಯ ನಡುವೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಹಾಕಿ. ಗ್ಯಾಪೇ ಇಲ್ಲದಿದ್ದರೆ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ. ಗ್ಯಾಪ್ ಸರಿಮಾಡಿ ಕಂಪ್ರೆಷನ್ ಬಂದರೆ ಹೆಡ್ ಎತ್ತುವ ತುರ್ತು ಇಲ್ಲ. ಆದರೆ ಗ್ಯಾಪ್ ತಾನಾಗಿ ಕಡಿಮೆಯಾಗಿದೆ ಎಂದರೆ ಹೆಚ್ಚಾಗಿ ವಾಲ್ವ್ ಸೀಟಿನೊಳಗೆ ಇಳಿಯುತ್ತಿದೆ ಎಂದು ಅರ್ಥ. ಬೇಸಿಗೆ ಮುಗಿದ ಮೇಲಾದರೂ ಹೆಡ್ ಬಿಚ್ಚಿ ನೋಡಲೇಬೇಕು.

ಹೆಡ್ ಇಳಿಸುವುದು

ಕೆಲಸಕ್ಕೆ ಬೇಕಾದದ್ದು: ಸ್ಪ್ಯಾನರ್ ಸೆಟ್, ಟಾರ್ಕ್ ರೆಂಚ್, ಸಿ ಆಕಾರದ ವಾಲ್ವ್ ಸ್ಪ್ರಿಂಗ್ ಕಂಪ್ರೆಸರ್, ಫೀಲರ್ ಗೇಜ್, ವರ್ನಿಯರ್, ಸಾಧ್ಯವಾದರೆ ಮೈಕ್ರೋಮೀಟರ್, ತುದಿಗೆ ಮ್ಯಾಗ್ನೆಟ್ ಇರುವ ಕಡ್ಡಿ, ರಬ್ಬರ್ ಕಪ್ ಇರುವ ಗ್ರೈಂಡಿಂಗ್ ಕೋಲು, ಒರಟು ಮತ್ತು ನಯ ಎರಡೂ ಗ್ರೈಂಡಿಂಗ್ ಪೇಸ್ಟ್, ಎರಡು ಲೀಟರ್ ಸೀಮೆಎಣ್ಣೆ ಅಥವಾ ಡೀಸೆಲ್, ಹಿತ್ತಾಳೆ ತಂತಿಯ ಬ್ರಷ್, ಹೊಸ ಹೆಡ್ ಗ್ಯಾಸ್ಕೆಟ್, ಹೊಸ ಸ್ಪ್ರಿಂಗ್ ಒಂದು ಜೊತೆ. ಸ್ಪ್ರಿಂಗನ್ನು ಮೊದಲೇ ತಂದಿಡಿ. ಹಳೆಯದು ಚೆನ್ನಾಗಿದ್ದರೂ ಹೋಲಿಸಿ ನೋಡಲು ಹೊಸದು ಬೇಕೇ ಬೇಕು.

ನಮ್ಮ ಕಡೆ ಹೆಡ್ ಸ್ಟಡ್‌ಗಳು ತುಕ್ಕು ಹಿಡಿದು ನಟ್ ಜೊತೆ ಸ್ಟಡ್ಡೂ ಬರುವುದು ಸಾಮಾನ್ಯ. ಹಿಂದಿನ ರಾತ್ರಿಯೇ ನಟ್ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಮರುದಿನ, ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಕೆಲಸ ಶುರು ಮಾಡಿ. ನೀರು ಬಸಿದು, ಹೈಪ್ರೆಶರ್ ಪೈಪ್ ಬಿಚ್ಚಿ, ಪೈಪಿನ ಎರಡೂ ತುದಿಗೆ ಮತ್ತು ಫ್ಯೂಯೆಲ್ ಪಂಪಿನ ಬಾಯಿಗೆ ಶುದ್ಧ ಪ್ಲಾಸ್ಟಿಕ್ ಕಟ್ಟಿ. ಅಲ್ಲಿಗೆ ಹೋದ ಒಂದು ಮರಳಿನ ಕಣ ನಾಝಲನ್ನು ಕೆಡಿಸಲು ಸಾಕು. ಇಂಜೆಕ್ಟರ್ ತೆಗೆಯಿರಿ, ಅದರ ಬುಡದ ತಾಮ್ರದ ವಾಷರ್ ಗುಂಡಿಯೊಳಗೆ ಉಳಿದಿಲ್ಲ ಎಂದು ನೋಡಿ. ರಾಕರ್ ಬ್ರಾಕೆಟ್ ಬಿಚ್ಚಿದ ಮೇಲೆ ಪುಶ್ ರಾಡುಗಳನ್ನು ನೆಟ್ಟಗೆ ಎಳೆಯಬಾರದು. ಎಣ್ಣೆಯ ಹಿಡಿತದಿಂದ ರಾಡಿನ ಅಡಿಯಲ್ಲಿರುವ ಟ್ಯಾಪೆಟ್ ಕೂಡ ಮೇಲೆದ್ದು ಬರಬಹುದು. ಸ್ವಲ್ಪ ಅತ್ತಿತ್ತ ಅಲುಗಿಸಿ, ಬಿಡಿಸಿಕೊಂಡು ಎತ್ತಿ. ಇನ್‌ಲೆಟ್ ಯಾವುದು, ಎಕ್ಸಾಸ್ಟ್ ಯಾವುದು, ಮೇಲಿನ ತುದಿ ಯಾವುದು ಎಂದು ಗುರುತು ಹಾಕಿಡಿ.

ಹೆಡ್ ನಟ್‌ಗಳನ್ನು ಒಂದನ್ನು ಪೂರ್ತಿ ಬಿಚ್ಚಿ ಇನ್ನೊಂದಕ್ಕೆ ಹೋಗುವುದಲ್ಲ. ಎದುರುಬದುರಾಗಿ, ಒಂದೊಂದಕ್ಕೆ ಅರ್ಧ ಸುತ್ತು, ಎರಡು ಮೂರು ಸುತ್ತಿನಲ್ಲಿ ಸಡಿಲಿಸಿ. ಇಲ್ಲದಿದ್ದರೆ ಹೆಡ್ ಡೊಂಕಾಗುತ್ತದೆ. ಹೆಡ್ ಅಂಟಿಕೊಂಡಿದ್ದರೆ ಮರದ ಸುತ್ತಿಗೆಯಿಂದ ಬದಿಗೆ ತಟ್ಟಿ. ಸಂದಿಗೆ ಸ್ಕ್ರೂಡ್ರೈವರ್ ತುರುಕಿ ಮೀಟಿದರೆ ಆ ಗಾಯದಿಂದಲೇ ಮುಂದೆ ಗ್ಯಾಸ್ಕೆಟ್ ಸೋರುತ್ತದೆ.

ವಾಲ್ವ್ ಹೊರತೆಗೆಯುವುದು

ಹೆಡ್ಡನ್ನು ಮೇಜಿನ ಮೇಲೆ ಕಟ್ಟಿಗೆಯ ತುಂಡಿಟ್ಟು ಕವುಚಿ ಇಡಿ. ಆ ತುಂಡು ವಾಲ್ವಿನ ತಲೆಗಳನ್ನು ಕೆಳಗಿನಿಂದ ತಡೆದು ಹಿಡಿಯುವಂತಿರಲಿ. ಸ್ಪ್ರಿಂಗ್ ಒತ್ತುವ ಮೊದಲು ಮೇಲಿನ ಕಪ್ಪಿನ ಮೇಲೆ ಒಂದು ಪೈಪಿನ ತುಂಡಿಟ್ಟು ಸುತ್ತಿಗೆಯಿಂದ ಮೆತ್ತಗೆ ಎರಡು ಏಟು ಹೊಡೆಯಿರಿ. ಕಪ್ಪನ್ನು ಸ್ಟೆಮ್ಮಿಗೆ ಹಿಡಿದಿಡುವ, ವರ್ಷಗಳಿಂದ ಕಪ್ಪಿನಲ್ಲಿ ಕಚ್ಚಿಕೊಂಡಿರುವ ಲಾಕುಗಳು ಸಡಿಲವಾಗುತ್ತವೆ. ಹೀಗೆ ಮಾಡದೆ ಕಂಪ್ರೆಸರ್ ಬಿಗಿಸುತ್ತ ಹೋದರೆ ಕಂಪ್ರೆಸರ್ ಬಗ್ಗುತ್ತದೆ, ಇಲ್ಲವೇ ಲಾಕ್ ಒಮ್ಮೆಲೇ ಚಿಮ್ಮುತ್ತದೆ. ಕಣ್ಣಿಗೆ ಕನ್ನಡಕ ಇರಲಿ, ಮುಖವನ್ನು ಸ್ಪ್ರಿಂಗಿನ ನೇರಕ್ಕೆ ತರಬೇಡಿ.

ಈಗ ಕಂಪ್ರೆಸರಿನ ಒಂದು ತುದಿ ವಾಲ್ವಿನ ತಲೆಗೆ, ಇನ್ನೊಂದು ಕಪ್ಪಿಗೆ ಕೂರಿಸಿ, ಲಾಕುಗಳು ಬಯಲಾಗುವಷ್ಟು ಮಾತ್ರ ಒತ್ತಿ. ಎರಡು ಅರ್ಧ ಲಾಕುಗಳನ್ನು ಮ್ಯಾಗ್ನೆಟ್ ಕಡ್ಡಿಯಿಂದ ಎತ್ತಿ, ನಿಧಾನವಾಗಿ ಸಡಿಲಿಸಿ. ಕಪ್, ಸ್ಪ್ರಿಂಗ್, ಕೆಳಗಿನ ವಾಷರ್ ಎಲ್ಲವನ್ನೂ ಇನ್‌ಲೆಟ್, ಎಕ್ಸಾಸ್ಟ್ ಎಂದು ಬರೆದ ಬೇರೆ ಬೇರೆ ಡಬ್ಬಿಗೆ ಹಾಕಿ. ಲಾಕುಗಳನ್ನು ಬೆರೆಸಬೇಡಿ, ಅವು ತಮ್ಮ ಸ್ಟೆಮ್ಮಿಗೇ ಸವೆದು ಹೊಂದಿಕೊಂಡಿರುತ್ತವೆ.

ಇಲ್ಲಿ ಹೆಚ್ಚಿನವರು ಅವಸರ ಮಾಡುವ ಒಂದು ಜಾಗವಿದೆ. ಸ್ಪ್ರಿಂಗ್ ಬಂದ ಕೂಡಲೇ ವಾಲ್ವನ್ನು ಎಳೆದುಬಿಡುತ್ತಾರೆ. ಲಾಕ್ ಕೂರುವ ತೋಡಿನ ಅಂಚಿನಲ್ಲಿ, ರಾಕರ್ ಬಡಿಯುವ ತುದಿಯಲ್ಲಿ ಲೋಹ ಹೊರಕ್ಕೆ ಎದ್ದಿರುತ್ತದೆ. ಉಗುರು ಆಡಿಸಿದರೆ ತಾಗುತ್ತದೆ. ಆ ಮುಳ್ಳಿನೊಂದಿಗೆ ಎಳೆದರೆ ಗೈಡಿನ ಉದ್ದಕ್ಕೂ ಗೀರು ಬಿದ್ದು, ಚೆನ್ನಾಗಿದ್ದ ಗೈಡ್ ಹೋಯಿತು. ಮೊದಲು ನಯವಾದ ಅರದಿಂದ ಆ ಅಂಚನ್ನು ಉಜ್ಜಿ ತೆಗೆದು, ಒರೆಸಿ, ಎಣ್ಣೆ ಹಚ್ಚಿ. ಆಮೇಲೆ ಬೆರಳಲ್ಲಿ ತಳ್ಳಿದರೆ ಜಾರಿಬರಬೇಕು. ತುಕ್ಕಿನಿಂದ ಕಚ್ಚಿದ್ದರೆ ತುಕ್ಕೆಣ್ಣೆ ಬಿಟ್ಟು ತಿರುಗಿಸುತ್ತಾ ಬಿಡಿಸಿ, ಹೊಡೆಯಬೇಡಿ.

ವಾಲ್ವಿನ ಬೆನ್ನಿನ ಮಸಿಯನ್ನು ತೊಳೆಯುವ ಮೊದಲು ಒಮ್ಮೆ ನೋಡಿ. ಇನ್‌ಲೆಟ್ ವಾಲ್ವಿನ ಬೆನ್ನಿಗೆ ಜಿಡ್ಡುಜಿಡ್ಡಾದ ದಪ್ಪ ಕಪ್ಪು ಅಂಟಿದ್ದರೆ ಗೈಡಿನಿಂದ ಎಣ್ಣೆ ಇಳಿಯುತ್ತಿದೆ. ಎಕ್ಸಾಸ್ಟ್ ವಾಲ್ವ್ ಒಣಗಿದ ಬೂದು, ಕಂದು ಬಣ್ಣದಲ್ಲಿದ್ದರೆ ಸರಿ. ಮೆತ್ತಗಿನ ಕರಿ ಮಸಿ ತುಂಬಿದ್ದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ನಾಝಲನ್ನೂ ಪರೀಕ್ಷೆಗೆ ಕೊಡಿ. ತಲೆಯ ಅಂಚಿನ ಒಂದೇ ಕಡೆ ಬಿಳಿ ಗೆರೆ ಅಡ್ಡಕ್ಕೆ ಹೋಗಿದ್ದರೆ ಅದು ಗಾಳಿ ಸೋರಿದ ದಾರಿ. ಇಷ್ಟು ನೋಡಿದ ಮೇಲೆ ರಾತ್ರಿಯಿಡೀ ಡೀಸೆಲ್‌ನಲ್ಲಿ ನೆನೆಹಾಕಿ, ಹಿತ್ತಾಳೆ ಬ್ರಷ್‌ನಿಂದ ಉಜ್ಜಿ. ಗೈಡಿನೊಳಗೆ ಓಡಾಡುವ ಸ್ಟೆಮ್ಮಿನ ಭಾಗಕ್ಕೆ ಎಮರಿ ಪೇಪರ್ ತಾಗಿಸಬಾರದು.

ಗೈಡ್ ಮೊದಲು, ಸೀಟ್ ಆಮೇಲೆ

ಸಾಮಾನ್ಯವಾಗಿ ವಾಲ್ವ್ ಕೈಗೆ ಬಂದ ಕೂಡಲೇ ಪೇಸ್ಟ್ ಹಚ್ಚಿ ಗ್ರೈಂಡ್ ಮಾಡಲು ಕೂರುತ್ತಾರೆ. ಗೈಡ್ ಸವೆದಿದ್ದರೆ ಆ ಶ್ರಮವೆಲ್ಲ ವ್ಯರ್ಥ. ಸವೆದ ಗೈಡಿನಲ್ಲಿ ವಾಲ್ವ್ ಪ್ರತಿ ಸಲವೂ ಬೇರೆ ಬೇರೆ ಓರೆಯಲ್ಲಿ ಬಂದು ಕೂರುತ್ತದೆ. ಗ್ರೈಂಡ್ ಮಾಡುವಾಗ ಕಂಡ ಚಂದದ ಉಂಗುರ ಎಂಜಿನ್ ಓಡುವಾಗ ಇರುವುದಿಲ್ಲ. ಹಾಗಾಗಿ ಗೈಡ್ ತೀರ್ಮಾನವಾಗುವವರೆಗೆ ಪೇಸ್ಟಿನ ಡಬ್ಬಿ ತೆರೆಯಬೇಡಿ.

ಗೈಡನ್ನು ಉರುಟು ಬ್ರಷ್‌ನಿಂದ ತೊಳೆದು ಒರೆಸಿ, ವಾಲ್ವನ್ನು ಸೀಟಿನಿಂದ 10 ಮಿ.ಮೀ. ಎತ್ತಿ ಹಿಡಿದು ತಲೆಯನ್ನು ಅತ್ತಿತ್ತ ಅಲುಗಿಸಿ. ಡಯಲ್ ಗೇಜ್ ಇದ್ದರೆ ಅಳೆಯಬಹುದು, ಆದರೆ ತಲೆಯ ಬಳಿ ಅದು ತೋರಿಸುವ ಅಂಕಿ ಗೈಡಿನ ನಿಜವಾದ ಅಂತರಕ್ಕಿಂತ ಹೆಚ್ಚಿರುತ್ತದೆ ಎಂಬುದು ನೆನಪಿರಲಿ. ಗೇಜ್ ಇಲ್ಲದಿದ್ದರೆ ಹೊಸ ವಾಲ್ವೊಂದನ್ನು ಅದೇ ಗೈಡಿಗೆ ಹಾಕಿ ನೋಡಿ. ಹೊಸದೂ ಅಷ್ಟೇ ಅಲುಗಿದರೆ ಗೈಡ್ ಸವೆದಿದೆ. ಹೊಸದು ಬಿಗಿಯಾಗಿದ್ದು ಹಳೆಯದು ಅಲುಗಿದರೆ ಸ್ಟೆಮ್ ಸವೆದಿದೆ. ಸ್ಟೆಮ್ಮನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಮೈಕ್ರೋಮೀಟರಿನಿಂದ ಅಳೆದು, ಗೈಡಿನೊಳಗೆ ಹೋಗದ ಭಾಗದ ಅಳತೆಯೊಂದಿಗೆ ಹೋಲಿಸಿ. 8 ಮಿ.ಮೀ. ಸ್ಟೆಮ್ಮಿನಲ್ಲಿ ಹೊಸದಿದ್ದಾಗ ಅಂತರ ಸಾಮಾನ್ಯವಾಗಿ 0.03ರಿಂದ 0.08 ಮಿ.ಮೀ. ಒಳಗೆ ಇರುತ್ತದೆ, ಎಕ್ಸಾಸ್ಟಿಗೆ ತುಸು ಹೆಚ್ಚು. 0.15 ದಾಟಿದರೆ ಗೈಡ್ ಬದಲಿಸುವುದೇ ಸರಿ.

ಗೈಡ್ ಬದಲಿಸುವುದನ್ನು ಮನೆಯಲ್ಲಿ ಮಾಡಬೇಡಿ. ಬೈಕಂಪಾಡಿ ಕಡೆಯಾಗಲಿ, ಮಣಿಪಾಲದ ಶಿವಳ್ಳಿ ಕೈಗಾರಿಕಾ ಪ್ರದೇಶದ ಕಡೆಯಾಗಲಿ ಹೆಡ್ ಕೆಲಸ ಗೊತ್ತಿರುವ ಲೇತ್ ಅಂಗಡಿಗೆ ಕೊಡಿ. ಕೊಡುವಾಗ ಎರಡು ಮಾತು ಹೇಳಿ: ಹಳೆಯ ಗೈಡ್ ಹೆಡ್ಡಿನಿಂದ ಎಷ್ಟು ಹೊರಚಾಚಿದೆ ಎಂದು ಅಳೆದುಕೊಂಡೇ ತೆಗೆಯಬೇಕು, ಹೊಸ ಗೈಡ್ ಕೂರಿಸಿ, ರೀಮರ್ ಹಾಕಿ ಅದರ ತೂತು ಅಳತೆಗೆ ತಂದ ಮೇಲೆ ಸೀಟನ್ನೂ ಕಟ್ ಮಾಡಲೇಬೇಕು. ಗೈಡ್ ಬದಲಾದರೆ ಅದರ ನಡುಗೆರೆ ಕೂದಲೆಳೆಯಷ್ಟಾದರೂ ಸರಿಯುತ್ತದೆ, ಹಳೆಯ ಸೀಟ್ ಅದಕ್ಕೆ ಹೊಂದುವುದಿಲ್ಲ.

ಇನ್ನು ವಾಲ್ವ್. ದಪ್ಪ ಗಾಜಿನ ಮೇಲೆ ಸ್ಟೆಮ್ಮನ್ನು ಉರುಳಿಸಿ, ತಲೆಯನ್ನು ಗಾಜಿನ ಅಂಚಿನಿಂದ ಹೊರಗಿಟ್ಟುಕೊಂಡು. ಅಡಿಯಲ್ಲಿ ಬೆಳಕು ಕಂಡು ಮರೆಯಾಗುತ್ತಿದ್ದರೆ ಬಗ್ಗಿದೆ. ಬಗ್ಗಿದ ವಾಲ್ವನ್ನು ನೆಟ್ಟಗೆ ಮಾಡಲು ಹೋಗಬೇಡಿ, ಬಿಸಾಡಿ. ಸ್ಟೆಮ್ಮಿನ ತುದಿ ಅಣಬೆಯ ಟೊಪ್ಪಿಯಂತೆ ಚಪ್ಪಟೆಯಾಗಿದ್ದರೆ ಗ್ರೈಂಡರಿನಲ್ಲಿ 0.2 ಮಿ.ಮೀ.ವರೆಗೆ ತೆಗೆಯಬಹುದು, ಅದಕ್ಕಿಂತ ಹೆಚ್ಚು ತೆಗೆದರೆ ಗಟ್ಟಿಮಾಡಿದ ಪದರ ಹೋಗಿ ಬೇಗನೆ ಕುಳಿ ಬೀಳುತ್ತದೆ. ಲಾಕ್ ಕೂರುವ ತೋಡಿನಲ್ಲಿ ಮೆಟ್ಟಿಲು ಬಿದ್ದಿದ್ದರೆ ಆ ವಾಲ್ವನ್ನು ಮತ್ತೆ ಹಾಕಲೇಬಾರದು. ಓಡುವಾಗ ಲಾಕ್ ಜಾರಿದರೆ ವಾಲ್ವ್ ಸಿಲಿಂಡರಿಗೆ ಬೀಳುತ್ತದೆ. ಪಿಸ್ಟನ್, ಹೆಡ್, ಲೈನರ್ ಮೂರೂ ಒಟ್ಟಿಗೆ ಹೋಗುತ್ತವೆ.

ತಲೆಯ ಅಂಚಿನ ದಪ್ಪ ನೋಡಿ. ಸೀಟಿಗೆ ಕೂರುವ ಓರೆಮುಖದ ಮೇಲೆ, ತಲೆಯ ಸುತ್ತ ಇರುವ ನೇರ ಅಂಚು ಕನಿಷ್ಠ 1 ಮಿ.ಮೀ. ಇರಬೇಕು. ಎಕ್ಸಾಸ್ಟ್ ವಾಲ್ವಿನಲ್ಲಿ ಇದರ ಬಗ್ಗೆ ಕನಿಕರ ಬೇಡ: ಆ ವಾಲ್ವಿನ ಬಿಸಿಯ ಮುಕ್ಕಾಲು ಪಾಲು ಸೀಟಿನ ಮೂಲಕವೇ ಹೆಡ್ಡಿಗೆ ಇಳಿಯುತ್ತದೆ, ಉಳಿದದ್ದು ಸ್ಟೆಮ್ ಮೂಲಕ. ಅಂಚು ತೆಳುವಾದರೆ ಅದು ಕೆಂಪಗೆ ಕಾದು, ಸುಟ್ಟು, ಚೂರಾಗಿ ಹಾರುತ್ತದೆ.

ಸೀಟಿನ ಅಗಲಕ್ಕೂ ಕಾರಣ ಅದೇ. ಇನ್‌ಲೆಟ್ ಸೀಟಿನ ಉಂಗುರ 1.2ರಿಂದ 1.5 ಮಿ.ಮೀ., ಎಕ್ಸಾಸ್ಟಿನದು 1.5ರಿಂದ 2 ಮಿ.ಮೀ. ಇದ್ದರೆ ಒಳ್ಳೆಯದು. ತೀರಾ ಸಪೂರವಾದರೆ ಬಿಸಿ ಇಳಿಯುವುದಿಲ್ಲ, ತೀರಾ ಅಗಲವಾದರೆ ಸ್ಪ್ರಿಂಗಿನ ಬಲ ಹಂಚಿಹೋಗಿ ಮಸಿ ನಡುವೆ ಸಿಕ್ಕಿಕೊಳ್ಳುತ್ತದೆ. 45 ಡಿಗ್ರಿ ಸೀಟ್ ಅಗಲವಾಗಿದ್ದರೆ 30 ಡಿಗ್ರಿ ಕಟ್ಟರಿನಿಂದ ಹೊರಅಂಚನ್ನು ತೆಗೆಯಬೇಕು, ಆಗ ಉಂಗುರ ಪೋರ್ಟ್ (ಹೆಡ್ಡಿನೊಳಗಿನ ಗಾಳಿಯ ದಾರಿ) ಕಡೆಗೆ ಸರಿಯುತ್ತದೆ. 60 ಡಿಗ್ರಿ ಕಟ್ಟರಿನಿಂದ ಒಳಅಂಚನ್ನು ತೆಗೆದರೆ ಪಿಸ್ಟನ್ ಕಡೆಗೆ ಸರಿಯುತ್ತದೆ. ಉಂಗುರ ವಾಲ್ವಿನ ಓರೆಮುಖದ ನಡುವೆ ಬೀಳಬೇಕು, ಅಂಚಿನಲ್ಲಲ್ಲ.

ಪ್ರತಿ ಸಲ ಕಟ್ ಮಾಡಿದಾಗಲೂ ವಾಲ್ವ್ ಹೆಡ್ಡಿನೊಳಗೆ ಇನ್ನಷ್ಟು ಇಳಿಯುತ್ತದೆ. ಇದರ ನಷ್ಟ ಕಣ್ಣಿಗೆ ಕಾಣದು, ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಕಿರ್ಲೋಸ್ಕರ್ ಎವಿ 1 ಎಂಜಿನ್ ತೆಗೆದುಕೊಳ್ಳಿ: ಬೋರ್ 80, ಸ್ಟ್ರೋಕ್ 110 ಮಿ.ಮೀ., 553 ಸಿಸಿ. ಕಂಪ್ರೆಷನ್ ಅನುಪಾತ 16.5 ಎಂದರೆ ಪಿಸ್ಟನ್ ಮೇಲೆ ಉಳಿಯುವ ಜಾಗ ಸುಮಾರು 35.7 ಸಿಸಿ. 35 ಮಿ.ಮೀ. ತಲೆಯ ವಾಲ್ವ್ 1 ಮಿ.ಮೀ. ಒಳಗಿಳಿದರೆ ಸುಮಾರು 1 ಸಿಸಿ ಜಾಗ ಹೆಚ್ಚಾಯಿತು. ಎರಡೂ ಇಳಿದರೆ ಅನುಪಾತ 15.7ರ ಹತ್ತಿರ ಬರುತ್ತದೆ. ಬಿಸಿಲಿನಲ್ಲಿ ಇದು ಗೊತ್ತಾಗದೇ ಇರಬಹುದು, ಡಿಸೆಂಬರಿನ ಮಂಜಿನ ಬೆಳಿಗ್ಗೆ ಹ್ಯಾಂಡಲ್ ಹೊಡೆಯುವವನಿಗೆ ಗೊತ್ತಾಗುತ್ತದೆ. ಇಳಿತ ಪುಸ್ತಕದ ಮಿತಿ ಮೀರಿದ್ದರೆ ಮತ್ತೆ ಮತ್ತೆ ಕಟ್ ಮಾಡಿಸುವುದು ಬಿಟ್ಟು ಹೊಸ ಸೀಟ್ ರಿಂಗ್ ಹಾಕಿಸಿ.

ಸ್ಪ್ರಿಂಗ್

ಸ್ಪ್ರಿಂಗನ್ನು ತೊಳೆದು ಒಣಗಿಸಿ ಬೆಳಕಿಗೆ ಹಿಡಿಯಿರಿ. ತಂತಿಯ ಉದ್ದಕ್ಕೂ ಉಗುರು ಎಳೆದು ನೋಡಿ. ತುಕ್ಕಿನ ಕುಳಿ ಉಗುರಿಗೆ ತಾಗಿದರೆ, ಉದ್ದ, ಬಲ ಎಲ್ಲ ಸರಿಯಿದ್ದರೂ ಆ ಸ್ಪ್ರಿಂಗ್ ಬೇಡ. 1500 ಸುತ್ತಿನಲ್ಲಿ ಅದು ನಿಮಿಷಕ್ಕೆ 750 ಸಲ ಒತ್ತಿ ಬಿಡುತ್ತದೆ, ಬಿರುಕು ಹುಟ್ಟುವುದೇ ಅಂಥ ಕುಳಿಯಿಂದ. ಬಯಲುಸೀಮೆಯ ಎಂಜಿನ್ನಿನಲ್ಲಿ ಇನ್ನೊಂದು ವರ್ಷ ಓಡಿಸಬಹುದಾದ ಸ್ಪ್ರಿಂಗನ್ನು ಸಮುದ್ರದ ಕಡೆ ತೆಗೆದುಹಾಕುವುದೇ ಬುದ್ಧಿವಂತಿಕೆ. ತುಕ್ಕನ್ನು ಎಮರಿಯಿಂದ ಉಜ್ಜಿ ಹೊಳಪು ಮಾಡಿದರೆ ಕುಳಿ ಹೋಗುವುದಿಲ್ಲ, ಕಣ್ಣಿಗೆ ಕಾಣದಂತಾಗುತ್ತದೆ ಅಷ್ಟೇ.

ಮೇಲ್ಮೈ ಚೆನ್ನಾಗಿದ್ದರೆ ಮಾತ್ರ ಮುಂದಿನ ಪರೀಕ್ಷೆ. ಹೊಸ ಸ್ಪ್ರಿಂಗಿನ ಪಕ್ಕದಲ್ಲಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಎತ್ತರ ಹೋಲಿಸಿ. ಮೂಲೆಮಟ್ಟಕ್ಕೆ ತಾಗಿಸಿಟ್ಟು ನಿಧಾನವಾಗಿ ತಿರುಗಿಸಿ; ಮೇಲ್ತುದಿಯಲ್ಲಿ ಸಂದಿ 1.5 ಮಿ.ಮೀ. ಮೀರಿದರೆ ಸ್ಪ್ರಿಂಗ್ ವಾಲಿದೆ, ಸ್ಟೆಮ್ಮನ್ನು ಒಂದೇ ಬದಿಗೆ ಒತ್ತಿ ಗೈಡ್ ಸವೆಸುತ್ತದೆ. ಬಲ ನೋಡಲು ಮೆಷಿನ್ ಇಲ್ಲದಿದ್ದರೆ ಬೆಂಚ್ ವೈಸ್ ಸಾಕು: ಹಳೆಯದು, ನಡುವೆ ಒಂದು ಚಪ್ಪಟೆ ವಾಷರ್, ಹೊಸದು, ಹೀಗೆ ಸಾಲಾಗಿ ವೈಸಿನಲ್ಲಿಟ್ಟು ನಿಧಾನವಾಗಿ ಬಿಗಿಸಿ. ಎರಡರ ಮೇಲೂ ಬೀಳುವ ಬಲ ಒಂದೇ. ಹಳೆಯದು ಹೆಚ್ಚು ಗಿಡ್ಡವಾದರೆ ಅದರ ಕಸುವು ಹೋಗಿದೆ. ಸ್ಪ್ರಿಂಗ್ ಸಾಲು ಚಿಮ್ಮದಂತೆ ಒಳಗೊಂದು ಸಡಿಲವಾದ ಕಬ್ಬಿಣದ ಕಡ್ಡಿ ತೂರಿಸಿಟ್ಟುಕೊಳ್ಳಿ. ಕಡ್ಡಿ ಬಿಗಿದ ಸಾಲಿಗಿಂತ ಗಿಡ್ಡವಿರಬೇಕು.

ಒಂದು ಸ್ಪ್ರಿಂಗ್ ಹೋಗಿದ್ದರೆ ಎರಡನ್ನೂ ಬದಲಿಸಿ. ಹೊಸ ವಾಲ್ವಿಗೆ, ಹೊಸ ಸೀಟಿಗೆ ಕೊಟ್ಟ ಹಣದ ಮುಂದೆ ಸ್ಪ್ರಿಂಗಿನ ಬೆಲೆ ಏನೂ ಅಲ್ಲ.

ಗ್ರೈಂಡಿಂಗ್

ಗೈಡ್ ಸರಿ, ವಾಲ್ವ್ ಸರಿ, ಸೀಟ್ ಕಟ್ ಆಗಿದೆ ಎಂದ ಮೇಲೆ ಪೇಸ್ಟ್. ಕುಳಿಗಳಿದ್ದರೆ ಮಾತ್ರ ಒರಟು ಪೇಸ್ಟ್, ಇಲ್ಲದಿದ್ದರೆ ನೇರ ನಯದ್ದು. ಸ್ಟೆಮ್ಮಿಗೆ ಎಣ್ಣೆ ಹಚ್ಚಿ, ವಾಲ್ವಿನ ಓರೆಮುಖಕ್ಕೆ ಸಾಸಿವೆ ಗಾತ್ರದ ನಾಲ್ಕು ಚುಕ್ಕಿ ಇಡಿ. ಹೆಚ್ಚು ಹಚ್ಚಿದರೆ ಪೇಸ್ಟ್ ಗೈಡಿಗೆ ಇಳಿದು ಅದನ್ನೇ ತಿನ್ನುತ್ತದೆ. ಕೋಲನ್ನು ಎರಡು ಅಂಗೈಗಳ ನಡುವೆ ಹಿಡಿದು ಅರ್ಧ ಸುತ್ತು ಅತ್ತ, ಅರ್ಧ ಸುತ್ತು ಇತ್ತ ತಿರುಗಿಸಿ, ಒತ್ತಬೇಡಿ. ಎಂಟು ಹತ್ತು ಸಲ ಆದ ಮೇಲೆ ಎತ್ತಿ, ಕಾಲು ಸುತ್ತು ಬೇರೆ ಕಡೆ ಇಟ್ಟು ಮುಂದುವರಿಸಿ. ಕರಕರ ಸದ್ದು ನಿಂತು ಜಾರತೊಡಗಿದರೆ ಪೇಸ್ಟ್ ಮುಗಿಯಿತು, ಒರೆಸಿ ಹೊಸದು ಹಚ್ಚಿ. ಡ್ರಿಲ್ ಮೆಷಿನಿಗೆ ವಾಲ್ವ್ ಸಿಕ್ಕಿಸಿ ತಿರುಗಿಸುವುದು ಕೆಟ್ಟ ಚಾಳಿ: ಒಂದೇ ದಿಕ್ಕಿನಲ್ಲಿ ತಿರುಗಿದರೆ ಸೀಟಿನ ಸುತ್ತ ಗೆರೆಗಳು ಬೀಳುತ್ತವೆ.

ಸುತ್ತಲೂ ತುಂಡಾಗದ ಮಾಸಲು ಬೂದು ಉಂಗುರ ಬಂದ ಕೂಡಲೇ ನಿಲ್ಲಿಸಿ. ಹೊಳೆಯಬೇಕೆಂದು ಮುಂದುವರಿಸಿದರೆ ಸೀಟ್ ಅಗಲವಾಗುತ್ತದೆ. ಪರೀಕ್ಷೆಗೆ ಪೆನ್ಸಿಲ್ ಸಾಕು. ವಾಲ್ವಿನ ಓರೆಮುಖದ ಮೇಲೆ 5 ಮಿ.ಮೀ.ಗೊಂದು ಅಡ್ಡಗೆರೆ ಎಳೆದು, ಒಣ ಸೀಟಿನಲ್ಲಿಟ್ಟು ಒತ್ತಿ ಕಾಲು ಸುತ್ತು ತಿರುಗಿಸಿ ತೆಗೆಯಿರಿ. ಎಲ್ಲ ಗೆರೆಗಳೂ ನಡುವೆ ಅಳಿಸಿರಬೇಕು. ಒಂದು ಗೆರೆ ಹಾಗೇ ಉಳಿದಿದ್ದರೂ ಅಲ್ಲಿ ಸೋರುತ್ತದೆ.

ತೊಳೆಯುವುದಕ್ಕೆ ಗ್ರೈಂಡ್ ಮಾಡಿದಷ್ಟೇ ಹೊತ್ತು ಕೊಡಿ. ಮೊದಲು ಸೀಮೆಎಣ್ಣೆ, ಆಮೇಲೆ ಬಿಸಿನೀರು ಸೋಪು, ಗೈಡಿನೊಳಗೆ ಬಟ್ಟೆ ಸುತ್ತಿದ ಕಡ್ಡಿ. ಬಿಳಿ ಬಟ್ಟೆ ಬೆಳ್ಳಗೇ ಹೊರಬರುವವರೆಗೆ ಮುಂದುವರಿಸಿ. ಒಣಗಿಸಿದ ಕೂಡಲೇ ಎಣ್ಣೆ ಹಚ್ಚಬೇಕು, ನಮ್ಮ ಹವೆಯಲ್ಲಿ ಒಂದು ರಾತ್ರಿಗೇ ಬರಿ ಕಬ್ಬಿಣದ ಮೇಲೆ ಕೆಂಪು ಏರುತ್ತದೆ.

ಜೋಡಣೆ

ಸ್ಟೆಮ್ಮಿಗೆ ಎಂಜಿನ್ ಆಯಿಲ್ ಹಚ್ಚಿ ವಾಲ್ವನ್ನು ತನ್ನದೇ ಗೈಡಿಗೆ ತೂರಿಸಿ. ಗ್ರೈಂಡ್ ಮಾಡಿದ ವಾಲ್ವ್ ತನ್ನ ಸೀಟಿಗೆ ಮಾತ್ರ ಹೊಂದುತ್ತದೆ. ಸ್ಟೆಮ್ ಸೀಲ್ ಇರುವ ಎಂಜಿನ್ನಾದರೆ ಹೊಸ ಸೀಲ್. ಕೆಳಗಿನ ವಾಷರ್, ಸ್ಪ್ರಿಂಗ್, ಕಪ್ ಇಡಿ. ಸ್ಪ್ರಿಂಗಿನ ಒಂದು ತುದಿಯಲ್ಲಿ ಸುತ್ತುಗಳು ಹತ್ತಿರ ಹತ್ತಿರ ಇದ್ದರೆ ಆ ತುದಿ ಹೆಡ್ಡಿನ ಕಡೆಗೆ. ಕಂಪ್ರೆಸರಿನಿಂದ ಒತ್ತಿ, ಲಾಕುಗಳಿಗೆ ತುಸು ಗ್ರೀಸ್ ಹಚ್ಚಿ ತೋಡಿನಲ್ಲಿ ಕೂರಿಸಿ. ಗ್ರೀಸ್ ಅವನ್ನು ಬೀಳದಂತೆ ಹಿಡಿಯುತ್ತದೆ. ಎರಡು ಅರ್ಧಗಳ ನಡುವಿನ ಸಂದಿ ಎರಡೂ ಬದಿಯಲ್ಲಿ ಸಮ ಇರಲಿ. ಸಡಿಲಿಸಿದ ಮೇಲೆ ಸ್ಟೆಮ್ಮಿನ ತುದಿಗೆ ಮರದ ಸುತ್ತಿಗೆಯಿಂದ ಎರಡು ಏಟು. ಸರಿಯಾಗಿ ಕೂರದ ಲಾಕ್ ಇದ್ದರೆ ಈಗಲೇ ಗೊತ್ತಾಗುತ್ತದೆ. ಆ ಹೊತ್ತಿಗೆ ಎದುರಿಗೆ ನಿಲ್ಲಬೇಡಿ.

ಹೆಡ್ ಏರಿಸುವ ಮೊದಲು ಸೋರಿಕೆ ನೋಡಿ. ಹೆಡ್ಡನ್ನು ಓರೆಯಾಗಿ ನಿಲ್ಲಿಸಿ, ಪೋರ್ಟಿನ ಬಾಯಿಗೆ ಸೀಮೆಎಣ್ಣೆ ತುಂಬಿ, ವಾಲ್ವಿನ ತಲೆಯ ಸುತ್ತ ಒಣಬಟ್ಟೆಯಿಂದ ಒರೆಸಿ ಐದು ನಿಮಿಷ ಕಾಯಿರಿ. ತಲೆಯ ಸುತ್ತ ಪಸೆ ಕಾಣಬಾರದು. ಕಂಡರೆ ಬಿಚ್ಚಿ ಮತ್ತೆ ನೋಡಿ. ಎಂಜಿನ್ ಮೇಲೆ ಹಾಕಿದ ಮೇಲೆ ಬಿಚ್ಚುವ ಕೆಲಸಕ್ಕಿಂತ ಇದು ಎಷ್ಟೋ ಸಣ್ಣದು.

ಹೆಡ್ಡಿನ ಅಡಿಮುಖಕ್ಕೆ ಉಕ್ಕಿನ ಅಳತೆಪಟ್ಟಿಯನ್ನು ಮೂಲೆಯಿಂದ ಮೂಲೆಗೆ ಇಟ್ಟು 0.10 ಮಿ.ಮೀ. ಫೀಲರ್ ತೂರುತ್ತದೆಯೇ ನೋಡಿ. ತೂರಿದರೆ ಹೆಡ್ ಫೇಸಿಂಗ್ ಮಾಡಿಸಬೇಕು, ಅಂದರೆ ಅಡಿಮುಖವನ್ನು ಮೆಷಿನಿನಲ್ಲಿ ಮಟ್ಟ ಮಾಡಿಸಬೇಕು. ಫೇಸಿಂಗ್ ಮಾಡಿಸಿದ ಮೇಲೆ ಪಿಸ್ಟನ್ ಮತ್ತು ಹೆಡ್ ನಡುವಿನ ಅಂತರವನ್ನು ಸೀಸದ ತಂತಿ ಇಟ್ಟು ಅಳೆಯದೆ ಸ್ಟಾರ್ಟ್ ಮಾಡಬಾರದು. ಹೊಸ ಗ್ಯಾಸ್ಕೆಟ್ ಹಾಕಿ, ಸ್ಟಡ್ಡಿನ ಮರೆಗೆ (ಥ್ರೆಡ್ಡಿಗೆ) ಎಣ್ಣೆ ಮುಟ್ಟಿಸಿ, ನಟ್‌ಗಳನ್ನು ಎದುರುಬದುರಾಗಿ ಮೂರು ಹಂತದಲ್ಲಿ ಬಿಗಿಸಿ: ಪುಸ್ತಕದ ಟಾರ್ಕಿನ ಮೂರನೇ ಒಂದು, ಮೂರನೇ ಎರಡು, ಪೂರ್ತಿ. ಪುಶ್ ರಾಡಿನ ಕೆಳತುದಿ ಟ್ಯಾಪೆಟ್ಟಿನ ಗುಳಿಯಲ್ಲೇ ಕೂತಿದೆ ಎಂದು ಕೈಯಲ್ಲಿ ಅಲುಗಿಸಿ ಖಚಿತ ಮಾಡಿಕೊಂಡು ರಾಕರ್ ಬಿಗಿಸಿ. ಅಂಚಿನಲ್ಲಿ ಕೂತ ರಾಡ್ ಮೊದಲ ಸುತ್ತಿಗೇ ಬಗ್ಗುತ್ತದೆ.

ಕಂಪ್ರೆಷನ್‌ನ ತುದಿಗೆ ತಂದು ಟ್ಯಾಪೆಟ್ ಗ್ಯಾಪ್ ಇಡಿ. ಈ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ 0.15ರಿಂದ 0.25 ಮಿ.ಮೀ. ಒಳಗೆ, ತಣ್ಣಗಿರುವಾಗ. ಫೀಲರ್ ಎಳೆಯುವಾಗ ಸ್ವಲ್ಪ ಹಿಡಿದಂತೆ ಬರಬೇಕು. ಲಾಕ್ ನಟ್ ಬಿಗಿಸಿದ ಮೇಲೆ ಮತ್ತೊಮ್ಮೆ ಅಳೆಯಿರಿ, ಬಿಗಿಸುವಾಗ ಸ್ಕ್ರೂ ತಿರುಗಿ ಗ್ಯಾಪ್ ಬದಲಾಗುವುದುಂಟು. ಡಿಕಂಪ್ರೆಷನ್ ಲಿವರ್ ಇಳಿದಿರುವಾಗ ಅದು ರಾಕರಿಗೆ ತಾಗಿರಬಾರದು. ವಾಲ್ವ್, ಸೀಟ್ ಎಲ್ಲ ಹೊಸದಾಗಿದ್ದೂ ಕಂಪ್ರೆಷನ್ ಬರದಿದ್ದರೆ ಮೊದಲು ನೋಡಬೇಕಾದ ಜಾಗ ಇದು.

ಮೊದಲ ಓಟ ಮತ್ತು ಮರುದಿನ

ಡೀಸೆಲ್ ಮುಚ್ಚಿಯೇ, ಲಿವರ್ ಎತ್ತಿ ಎರಡು ಪೂರ್ತಿ ಸುತ್ತು ಕೈಯಲ್ಲಿ ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಒತ್ತಾಯ ಮಾಡದೆ ನಿಲ್ಲಿಸಿ, ವಾಲ್ವ್ ಪಿಸ್ಟನ್ನಿಗೆ ತಾಗುತ್ತಿರಬಹುದು. ಸಲೀಸಾಗಿದ್ದರೆ ನೀರು ತುಂಬಿ, ಡೀಸೆಲ್ ಲೈನಿನ ಗಾಳಿ ತೆಗೆದು ಸ್ಟಾರ್ಟ್ ಮಾಡಿ, ಲೋಡ್ ಇಲ್ಲದೆ ಅರ್ಧ ಗಂಟೆ ಓಡಿಸಿ. ಮೊದಲ ಕೆಲವು ನಿಮಿಷ ನೀಲಿ ಹೊಗೆ ಬರುವುದು ಸಹಜ, ಜೋಡಿಸುವಾಗ ಹಚ್ಚಿದ ಎಣ್ಣೆ ಅದು. ಅರ್ಧ ಗಂಟೆಯಾದರೂ ನೀಲಿ ನಿಲ್ಲದಿದ್ದರೆ ಗೈಡ್ ಅಥವಾ ರಿಂಗ್ ಕಡೆ ನೋಡಬೇಕು. ಟಕ್ ಟಕ್ ಎಂಬ ಒಂದೇ ಸಮನಾದ ಸದ್ದು ಟ್ಯಾಪೆಟ್ ಗ್ಯಾಪ್ ಹೆಚ್ಚಾದದ್ದು. ಸೈಲೆನ್ಸರಿನಲ್ಲಿ ಲಯ ತಪ್ಪಿ ಪುಸ್ ಪುಸ್ ಎಂದರೆ ಎಕ್ಸಾಸ್ಟ್ ಗ್ಯಾಪ್ ಕಡಿಮೆಯಾಗಿದೆ, ಕೂಡಲೇ ನಿಲ್ಲಿಸಿ. ಹಾಗೇ ಓಡಿಸಿದರೆ ಒಂದೆರಡು ಗಂಟೆಯಲ್ಲಿ ಹೊಸ ಸೀಟ್ ಸುಡುತ್ತದೆ.

ಮರುದಿನ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಹೆಡ್ ನಟ್‌ಗಳನ್ನು ಅದೇ ಕ್ರಮದಲ್ಲಿ, ಅದೇ ಟಾರ್ಕಿಗೆ ಮತ್ತೆ ಬಿಗಿಸಿ, ಟ್ಯಾಪೆಟ್ ಗ್ಯಾಪನ್ನು ಮತ್ತೆ ಇಡಿ. ಗ್ಯಾಸ್ಕೆಟ್ ಅಮರಿದಂತೆ ಹೆಡ್ ಕೆಳಗಿಳಿಯುತ್ತದೆ, ಹೆಡ್ ಜೊತೆ ರಾಕರೂ ಇಳಿಯುತ್ತದೆ, ಪುಶ್ ರಾಡ್ ಮಾತ್ರ ಇದ್ದಲ್ಲೇ ಇರುತ್ತದೆ. ಹಾಗಾಗಿ ಗ್ಯಾಪ್ ಕಡಿಮೆಯಾಗಿಯೇ ಇರುತ್ತದೆ. 25 ಗಂಟೆ ಓಡಿದ ಮೇಲೆ ಇನ್ನೊಮ್ಮೆ ಗ್ಯಾಪ್ ಅಳೆದು, ಆ ಅಂಕಿಯನ್ನು ತಾರೀಕಿನೊಂದಿಗೆ ಪಂಪ್ ಶೆಡ್ಡಿನ ಗೋಡೆಯ ಮೇಲೆ ಬರೆದಿಡಿ. ಮುಂದಿನ ಸಲ ಅಳೆದಾಗ ಇನ್‌ಲೆಟ್ ಇದ್ದ ಹಾಗೇ ಇದ್ದು ಎಕ್ಸಾಸ್ಟ್ ಮಾತ್ರ 0.05 ಮಿ.ಮೀ. ಕಡಿಮೆಯಾಗಿದ್ದರೆ ಯಾವ ವಾಲ್ವ್ ಇಳಿಯುತ್ತಿದೆ ಎಂದು ಹೆಡ್ ಬಿಚ್ಚದೆಯೇ ಗೊತ್ತಾಗುತ್ತದೆ.